ನಲವತ್ತು ಮನೆಗೆ ನಲವತ್ತೊಂದು ಕಾಗದ

ಮಕ್ಕಳಿಗೆ ಹೋಂವರ್ಕ್ ಕೊಡುವ ಟೀಚರುಗಳನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಮಕ್ಕಳ ಅಪ್ಪ-ಅವ್ವಂದಿರಿಗೆ ಹೋಂವರ್ಕ್ ಕೊಟ್ಟು, ಅದಕ್ಕೆ ಮಕ್ಕಳ ಕೈಯಿಂದಲೇ ಮಾರ್ಕ್ಸು ಹಾಕಿಸುವ ಟೀಚರನ್ನು ನೋಡಿದ್ದೀರಾ? ಇಲ್ಲ ತಾನೆ? ಹಾಗಾದರೆ ನೀವು ನಮ್ಮ ಚಿಗವ್ವನನ್ನು ನೋಡಿಲ್ಲ. ನೋಡದಿರುವುದೇ ಕ್ಷೇಮ. ನೋಡಿದಿರೋ, ನಿಮ್ಮ ಕೊರಳಿಗೂ ಈ ತಿಂಗಳದ್ದೊಂದು ಗುರಿ ಕಟ್ಟದೆ ಆಕೆ ಬಿಡುವವಳಲ್ಲ!

ಚಿಗವ್ವ ಅಂದರೆ ನಮ್ಮವ್ವನ ತಂಗಿ. ಮನೆ ದೇವದುರ್ಗದಲ್ಲಿ. ಅಲ್ಲಿಂದ ಟಂಟಂ ಆಟೋ ಹತ್ತಿ ಹೋಗಬೇಕಾದ ಒಂದು ಹಳ್ಳಿಯಲ್ಲಿ, ಒಂದರಿಂದ ಐದರವರೆಗಿನ ಸರ್ಕಾರಿ ಶಾಲೆಗೆ ಆಕೆ ಮುಖ್ಯಗುರು. ನಾನು ರಾಯಚೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸು, ಡಿಟಿಪಿ ಅಂಗಡಿ ಇಟ್ಟುಕೊಂಡವನು. ಪ್ರತಿ ತಿಂಗಳ ಕೊನೆಯ ಭಾನುವಾರ ನಾನು ಶಟರ್ ಎತ್ತುವುದಕ್ಕೂ ಮೊದಲೇ ಚಿಗವ್ವ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಚೀಲದಲ್ಲಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮತ್ತು ಒಂದು ಹಾಳೆ. ರೊಟ್ಟಿ ನನ್ನ ಕೂಲಿ. ಹಾಳೆ 'ಮನಿ ಕಾಗದ'.

ಮನಿ ಕಾಗದವೆಂದರೆ ಶಾಲೆಯಿಂದ ಮನೆಮನೆಗೆ ತಿಂಗಳಿಗೊಮ್ಮೆ ಹೋಗುವ ಪತ್ರ. ಮೇಲೆ ಸುದ್ದಿ. ಕೆಳಗೆ ಮನೆಯವರಿಗೆ ಒಂದೇ ಒಂದು ಗುರಿ. ಅದರ ಕೆಳಗೆ ಹರಿದು ವಾಪಸು ಕಳಿಸಬೇಕಾದ ಚೀಟಿ. ಗುರಿ ಮುಟ್ಟಿತೋ, ಅರ್ಧಕ್ಕೆ ನಿಂತಿತೋ, ಮುಟ್ಟಲೇ ಇಲ್ಲವೋ ಎಂದು ಚೀಟಿಯಲ್ಲಿ ಬರೆಯುವ ಅಧಿಕಾರ ಮಗುವಿಗೆ ಮಾತ್ರ! ಇನ್ನೂ ಒಂದು ರೂಲ್ಸುಂಟು. ಕಾಗದವನ್ನು ಮಗುವೇ ಜೋರಾಗಿ ಓದಬೇಕು, ದೊಡ್ಡವರು ಕೂತು ಕೇಳಬೇಕು. ಡಿಗ್ರಿ ಮಾಡಿದ ಅಣ್ಣ ಓದಿದನೋ, ಆ ಮನೆಯ ಚೀಟಿ ರದ್ದು. ಮನೆಯಲ್ಲಿ ಒಂದನೇ ಕ್ಲಾಸಿನ ಕೂಸಷ್ಟೇ ಇದ್ದರೆ, ಪಕ್ಕದ ಮನೆಯ ಮೂರನೇ ಕ್ಲಾಸಿನವನನ್ನು ಎರವಲು ತರಬಹುದು.

ಆ ಶಾಲೆಗೆ ಮಕ್ಕಳು ಬರುವುದು ನಲವತ್ತು ಮನೆಗಳಿಂದ. ಚಿಗವ್ವ ತೆಗೆಸುವುದು ನಲವತ್ತೊಂದು ಪ್ರತಿ. ಆ ನಲವತ್ತೊಂದನೆಯದು ಯಾರಿಗೆ ಗೊತ್ತೇ? ನಮ್ಮವ್ವನಿಗೆ! ರಾಯಚೂರಿನಲ್ಲಿ ನನ್ನ ಮನೆಯಲ್ಲಿರುವ, ಅರವತ್ತು ದಾಟಿದ, ಆ ಹಳ್ಳಿಯ ಮುಖವನ್ನೇ ನೋಡದ ನಮ್ಮವ್ವನಿಗೆ! ಈ ಮೇ ತಿಂಗಳಿಗೆ ಚಿಗವ್ವ ರಿಟೈರಾಗುವವಳು. ಅಷ್ಟರೊಳಗೆ ಒಂದೇ ಒಂದು ಸಲ ನಲವತ್ತೊಂದಕ್ಕೆ ನಲವತ್ತೊಂದೂ ಚೀಟಿ ವಾಪಸು ಬರಬೇಕೆಂಬುದು ಆಕೆ ತನಗೇ ಹಾಕಿಕೊಂಡ ಗುರಿ. ಹಳ್ಳಿಯ ನಲವತ್ತೂ ಬರುತ್ತಿದ್ದವು. ಬಾರದಿದ್ದದ್ದು ನಮ್ಮದೊಂದೇ.

"ನಮ್ಮವ್ವಗ ಯಾಕ ಚಿಗವ್ವಾ? ಆಕಿ ಮಕ್ಕಳು ನಿನ್ನ ಶಾಲ್ಯಾಗ ಯಾರದಾರ?" ಎಂದು ಒಮ್ಮೆ ಕೇಳಿದೆ.

"ನಾ ಇಲ್ಲೇನು? ನಾ ಟಿಸಿಎಚ್ ಮಾಡಿ ಟೀಚರಾದದ್ದು ಯಾರ ದುಡಿಮಿ ಮ್ಯಾಲ? ಆಕಿ ನನ್ನ ಪಾಲಕರು. ಪಾಲಕರಿಗೆ ಕಾಗದ ಹೋಗ್ಬೇಕು."

ಹೆಡ್ ಮೇಡಂಗೂ ಒಬ್ಬರು ಪಾಲಕರು! ನಾನು ನಕ್ಕು ಪ್ರಿಂಟ್ ಒತ್ತಿದೆ. ಆದರೂ ಒಳಗೊಂದು ಕುತೂಹಲದ ಹುಳ ಕೊರೆಯುತ್ತಲೇ ಇತ್ತು. ಇಷ್ಟಕ್ಕಾಗಿ ವರ್ಷಗಟ್ಟಲೆ ಯಾರಾದರೂ ಪಟ್ಟು ಹಿಡಿಯುತ್ತಾರೆಯೇ?

ಇನ್ನು ಕಾಗದದ ಸುದ್ದಿಗಳ ವೈಭವ ಕೇಳಿ. "ಶಾಲೆಯ ಬೇವಿನ ಗಿಡ ಚಿಗುರಿದೆ. ಎರಡನೇ ತರಗತಿಯ ನಾಗರಾಜನ ಮುಂದಿನ ಹಲ್ಲು ಬಿದ್ದಿದೆ. ಹುಡುಕಿದ ಮೇಲೆ ಸಿಕ್ಕಿದೆ. ಅಡುಗೆ ಕೋಣೆಯ ಬೆಕ್ಕು ಮೂರು ಮರಿ ಹಾಕಿದೆ. ಶಾಲೆಗೆ ಸೇರಿಸಲು ಅವುಗಳ ವಯಸ್ಸು ಸಾಲದು."

"ಇದೂ ಒಂದು ಸುದ್ದಿ ಏನು?" ಅಂದೆ.

"ಪೇಪರ್ನ್ಯಾಗ ಆ ಊರಿನ ಹೆಸರು ಯಾವಾಗ ಬರ್ತದ ಹೇಳು? ಯಾರರ ಬಡಿದಾಡಿದ್ರ, ಇಲ್ಲಾ ಸತ್ರ. ನಾಗರಾಜನ ಹಲ್ಲು ಅವರವ್ವಗ ಸುದ್ದಿ ಅಲ್ಲೇನಲೇ? ಸುಮ್ನ ಟೈಪ್ ಮಾಡು."

ಗುರಿಗಳದ್ದು ಬೇರೆಯೇ ಪುರಾಣ. ಒಂದು ತಿಂಗಳು "ಇವತ್ತು ಶಾಲೆಯಲ್ಲಿ ಏನಾಯಿತು ಎಂದು ಮಗುವನ್ನು ದಿನವೂ ಕೇಳಿ" ಎಂದಿತ್ತು. ಒಬ್ಬ ಅಪ್ಪನಿಗೆ ಶಕ್ತಿನಗರದ ಕಡೆ ಕೆಲಸ. ಹೊರಡುವಾಗ ಇನ್ನೂ ಬೆಳಕು ಹರಿದಿರುವುದಿಲ್ಲ, ಬರುವಾಗ ಮಗ ಮಲಗಿರುತ್ತಾನೆ. ಆದರೆ ಗುರಿ ಗುರಿಯೇ! ಕೋಳಿ ಕೂಗುವ ಹೊತ್ತಿಗೆ ಮಗನನ್ನು ಅಲುಗಾಡಿಸಿ ಕೇಳಿದ.

"ಇವತ್ತ ಶಾಲ್ಯಾಗ ಏನಾತೋ?"

"ಇನ್ನಾ ಹಾಸಿಗ್ಯಾಗ ಅದೀನಲ್ಲ ಯಪ್ಪಾ!"

ಚೀಟಿಯಲ್ಲಿ ಮಗನ ತೀರ್ಪು ಬಂತು: "ಕೇಳಿದ. ಬೇಗ ಕೇಳಿದ. ಅರ್ಧ."

ಇನ್ನೊಂದು ತಿಂಗಳು "ಮಗುವಿನ ಚೀಲ ನೇತುಹಾಕಲು ಗೋಡೆಗೊಂದು ಮೊಳೆ" ಎಂಬ ಗುರಿ. ಒಂದೇ ಊರಿನ ಮಂದಿ ಸಾಲಾಗಿ ಬಂದು ಮೊಳೆ ಕೇಳುವುದನ್ನು ಕಂಡು ದೇವದುರ್ಗದ ಅಂಗಡಿಯವನು "ನಿಮ್ಮೂರಾಗ ಯಾವ ಹಬ್ಬರೀ?" ಎಂದು ವಿಚಾರಿಸಿದನಂತೆ. ಒಂದು ಮನೆಯಲ್ಲಿ ಮೊಳೆ ಬಡಿದ ಮರುಗಳಿಗೆಯೇ ಅಜ್ಜ ಅದಕ್ಕೆ ತನ್ನ ರುಮಾಲು ಸಿಗಿಸಿದ. ಮೊಮ್ಮಗಳು ನ್ಯಾಯವಾಗಿ ಬರೆದಳು: "ಮೊಳೆ ಮುಟ್ಟಿದೆ. ಅಜ್ಜ ಬಿಟ್ಟಿಲ್ಲ."

ತಪಾಸಣೆಗೆ ಬಂದ ಸಾಹೇಬರೊಬ್ಬರು, "ದಿನಕ್ಕೊಮ್ಮೆ ಮಗುವಿನ ಜೊತೆ ಕೂತು ಉಣ್ಣಿ" ಎಂಬ ಗುರಿಯಿದ್ದ ಕಾಗದವನ್ನು ತಿರುವಿ ತಿರುವಿ ನೋಡಿ, "ಇದು ಯಾವ ಸುತ್ತೋಲ್ಯಾಗ ಅದರೀ ಮೇಡಂ?" ಅಂದರು.

"ಯಾವುದರಾಗೂ ಇಲ್ರೀ ಸರ್. ನಿಮಗ ಮಕ್ಕಳೆಷ್ಟರೀ?"

"ಒಬ್ಬಾಕಿ ಮಗಳು."

"ಆಕಿ ಜೊತಿಗಿ ಕುಂತು ಉಂಡು ಎಷ್ಟ್ ದಿನಾತ್ರೀ?"

ಸಾಹೇಬರು ಒಂದು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಹದಿನೈದು ದಿನಕ್ಕೆ ಅಂಚೆಯಲ್ಲಿ ಒಂದು ಚೀಟಿ ಬಂತು. ಪೆನ್ಸಿಲಿನ ಗುಂಡಗಿನ ಅಕ್ಷರ: "ಅರ್ಧ."

ಈಗ ನನ್ನದೊಂದು ಘನಕಾರ್ಯ ಹೇಳಬೇಕು. ಅದು ಮದುವೆ ಸೀಜನ್ನು. ಕಂಪ್ಯೂಟರಿನ ತುಂಬ ಲಗ್ನಪತ್ರಿಕೆಗಳು. ಕಾಗದಕ್ಕೊಂದು ಚಂದದ ಅಂಚಿರಲಿ ಎಂದು ಯಾರದೋ ಲಗ್ನಪತ್ರಿಕೆಯ ಫೈಲಿನೊಳಗೇ ಚಿಗವ್ವನ ಬರಹವನ್ನು ತುಂಬಿದೆ. ವಧು ತೆಗೆದೆ, ವರನನ್ನು ತೆಗೆದೆ, ಮುಹೂರ್ತ ತೆಗೆದೆ. ಕಟ್ಟಕಡೆಯ ಸಾಲು ಹಾಗೇ ಉಳಿಯಿತು! ಬಸ್ಸಿನ ಗಡಿಬಿಡಿಯಲ್ಲಿ ಚಿಗವ್ವನೂ ನೋಡಲಿಲ್ಲ. "ತಾವು ಸಕುಟುಂಬ ಪರಿವಾರ ಸಮೇತ ಆಗಮಿಸಿ ಭೋಜನ ಸ್ವೀಕರಿಸಬೇಕಾಗಿ ವಿನಂತಿ." ಮಕ್ಕಳು ಆ ಸಾಲನ್ನು ಅಗಿದೂ ಅಗಿದೂ ಓದಿ ಮುಗಿಸಿದವು. ಮರುದಿನ ಬಿಸಿಯೂಟದ ಗಂಟೆಗೆ ಸರಿಯಾಗಿ ನಲವತ್ತೂ ಮನೆಯವರು ಇಸ್ತ್ರಿ ಬಟ್ಟೆ ಹಾಕಿಕೊಂಡು ಶಾಲೆಗೆ ಹಾಜರ್! ಪರಿವಾರವೆಂದ ಮೇಲೆ ಕೇಳಬೇಕೇ? ಮಾನ್ವಿಯಿಂದ ಬಂದಿದ್ದ ಬೀಗರೂ ಇದ್ದರು. ಒಬ್ಬಾಕೆ ಚಿಗವ್ವನಿಗೆ ಕುಂಕುಮ ಹಚ್ಚಿ ಜಂಪರ್ ಪೀಸು ಬೇರೆ ಕೊಟ್ಟಳು. ಅಡುಗೆಯಾಕೆ ಸೌಟು ಕೆಳಗಿಟ್ಟು, ಈ ಕ್ಷಣವೇ ಕೆಲಸ ಬಿಡುತ್ತೇನೆಂದಳು. ಕೊನೆಗೆ ಮನೆಮನೆಯಿಂದ ರೊಟ್ಟಿ, ಪಲ್ಯ ತರಿಸಿ ಬೇವಿನ ಗಿಡದ ಕೆಳಗೆ ಪಂಕ್ತಿ ಕೂರಿಸಿದರಂತೆ.

ಸಂಜೆ ಫೋನು ಬಂತು. ಬೈಗುಳ ತಿನ್ನಲು ನಾನು ಸಿದ್ಧನಾಗಿ ಕುರ್ಚಿ ಬಿಟ್ಟು ಎದ್ದೇ ನಿಂತಿದ್ದೆ.

"ಲೇ, ಪಾಲಕರ ಸಭಿ ಅಂತ ವರ್ಷಾ ಕರೀತೀನಿ, ಆರು ಮಂದಿ ದಾಟಿದ್ದಿಲ್ಲ. ಇವತ್ತ ಅಂಗಳ ತುಂಬಿತ್ತು ನೋಡು!" ಎಂದು ಚಿಗವ್ವ ನಕ್ಕಳು. ಆಮೇಲೆ ದನಿ ಯಾಕೋ ಸಣ್ಣದಾಯಿತು. "ಊಟಕ್ಕ ಕರದ್ರ ಬರ್ತಾರ. ಶಾಲಿಗಿ ಬರ್ರಿ ಅಂದ್ರ ಬೈಲಿಕ್ಕೇ ಕರದಾರ ಅಂತ ಅಂಜ್ತಾರ. ಭಾಳ ಹಳೇ ಅಂಜಿಕಿ ಅದು." ಅಷ್ಟಂದು ಫೋನಿಟ್ಟಳು. ಹುಳ ಮತ್ತೆ ಕೊರೆಯತೊಡಗಿತು.

ಅತ್ತ ನಮ್ಮ ಮನೆಯ ಚೀಟಿ ಮಾತ್ರ ಒಂದು ತಿಂಗಳೂ ಹೋಗಲಿಲ್ಲ. ನನ್ನ ಮಗಳು ಸುಜಾತಾ ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕನ್ನಡದ ಕಾಗದ ಹಿಡಿದರೆ ಎರಡನೇ ಸಾಲಿಗೇ ಆಕಳಿಕೆ. "ಕೊಡು, ನಾ ಓದ್ತೀನಿ" ಎಂದರೆ ಅವ್ವ ಕೈ ಅಡ್ಡ ಹಿಡಿಯುತ್ತಿದ್ದಳು.

"ನೀ ಓದಿದ್ರ ನಡೆಂಗಿಲ್ಲ. ಕೂಸೇ ಓದ್ಬೇಕು. ಓದಾಕ ಬರದಿದ್ರ ಬಿಡು ಅತ್ಲಾಗ. ಶಾಲಿಗೂ ನನಗೂ ಮೊದಲಿಂದ ಆಗಿ ಬಂದಿಲ್ಲ."

ಇದು ಅವ್ವನ ಹಳೆಯ ಮಾತು. ಮೊಮ್ಮಗಳ ಶಾಲೆಯ ಗ್ಯಾದರಿಂಗಿಗೂ ಆಕೆ ಬಂದವಳಲ್ಲ. ಗೇಟಿನ ಹೊರಗೇ ಆಟೋದಲ್ಲಿ ಕೂತಿರುತ್ತಿದ್ದಳು. ಮಗಳಿಗೆ ಬರೆಯಲೊಂದು ಸ್ಲೇಟು, ಅದೇ ನಮ್ಮ ಕಡೆಯ ಪಾಟಿ, ತರುತ್ತೇನೆಂದರೆ "ಒಡೆಯೋ ಸಾಮಾನು ಮನಿಗಿ ಯಾಕ?" ಎಂದು ತಡೆದಿದ್ದಳು. ಆಕೆ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ಕೂಲಿಗೆ ಹೋದದ್ದು ಗೊತ್ತಿತ್ತು. ಯಾಕೆಂದು ನಾನು ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ.

ವಿಷಯ ತಿಳಿದ ಚಿಗವ್ವ ನನ್ನ ಕೊರಳಿಗೇ ಗುರಿ ಕಟ್ಟಿದಳು. ದಿನಕ್ಕೆ ಹತ್ತು ನಿಮಿಷ ಮಗಳಿಗೆ ಕನ್ನಡ ಓದಿಸಬೇಕು! ಮೊದಲ ಮೂರು ತಿಂಗಳು ಮಗಳು ನನಗೆ ಬಾಯಲ್ಲೇ ಕೊಟ್ಟ ಮಾರ್ಕ್ಸು "ಅರ್ಧ", "ಅರ್ಧ", "ಅಪ್ಪ ಮೊಬೈಲ್ ನೋಡಿದ". ಆಮೇಲೆ ನಾಚಿಕೆಯಾಗಿ, ಸ್ಕೂಟರಿನಲ್ಲಿ ತೀನ್ ಕಂದೀಲ್ ಸರ್ಕಲ್ಲಿನಿಂದ ಮನೆಯವರೆಗೆ ಅಂಗಡಿಯ ಬೋರ್ಡುಗಳನ್ನೆಲ್ಲ ಓದಿಸತೊಡಗಿದೆ. ಅವಳು ಎಲ್ಲೂ ತಡವರಿಸದೆ ಓದಿದ ಮೊದಲ ವಾಕ್ಯ "ಇಲ್ಲಿ ವಾಹನ ನಿಲ್ಲಿಸಬಾರದು". ನಾನು ಸ್ಕೂಟರ್ ನಿಲ್ಲಿಸಿದ್ದು ಅದರ ಕೆಳಗೇ!

ಮೊನ್ನೆ ಮಾರ್ಚಿನ ಕೊನೆಯ ಭಾನುವಾರ ಚಿಗವ್ವ ಎಂದಿನಂತೆ ಬಂದಳು. ಮುಂದೆ ಬೇಸಿಗೆ ರಜೆ, ಹಾಗಾಗಿ ಅದು ಆಕೆಯ ಕೊನೆಯ ಕಾಗದ. "ಈ ಸಲ ನಲವತ್ತೇ ಪ್ರಿಂಟ್ ತೆಗಿ" ಎಂದು, ಚೀಲದಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ನನ್ನ ಅಂಗಿಯ ಜೇಬಿಗಿಟ್ಟಳು. "ನಲವತ್ತೊಂದನೇದು ಇದು. ಕೈಲೇ ಬರದೀನಿ. ನೀ ಬಿಚ್ಚಬ್ಯಾಡ. ಸುಜಾತಾನ ಕೈಗೆ ಕೊಡು."

ರಾಯಚೂರಿನ ಅರ್ಧ ಮಂದಿಯ ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಜಾತಕ, ಪ್ರೇಮಪತ್ರ ಎಲ್ಲವನ್ನೂ ಕಂಡ ಕಣ್ಣು ಸ್ವಾಮಿ ನನ್ನದು! ಆ ಕಣ್ಣಿಗೆ ಪಟ್ಟಿ ಕಟ್ಟಿದರೆ ಹೇಗಾಗಬೇಡ? ಮೂರು ಸಲ ಜೇಬಿಗೆ ಕೈ ಹೋಯಿತು. ಮೂರು ಸಲವೂ ರೊಟ್ಟಿಯ ಋಣ ನೆನಪಾಗಿ ಕೈ ವಾಪಸು ಬಂತು.

ಸಂಜೆ ಅವ್ವ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಸುಜಾತಾ ಹಾಳೆ ಬಿಚ್ಚಿ, ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದತೊಡಗಿದಳು.

"ಸುದ್ದಿ. ಅಕ್ಕಾ, ಆಗ ನೀನು ಎರಡನೇ ತರಗತಿ. ನಾನು ಒಂದನೇ ತರಗತಿ. ನಿನಗೆ ಜ್ವರ ಇತ್ತು. ಮಾಸ್ತರು ನನ್ನ ಕೈಗೆ ಒಂದು ಕಾಗದ ಕೊಟ್ಟರು. ಅಪ್ಪನನ್ನು ಕರೆದುಕೊಂಡು ಬಾ ಅಂದರು. ನಮ್ಮ ಮನೆಯಲ್ಲಿ ಯಾರಿಗೂ ಓದಲು ಬರಲಿಲ್ಲ. ನನಗೂ ಬರಲಿಲ್ಲ. ನೀನು ಏನೋ ತಪ್ಪು ಮಾಡಿದೆ, ಅದಕ್ಕೆ ಬೈಯಲು ಕರೆದರು ಅಂತ ಅಪ್ಪ ಹೆದರಿದ. ಅಪ್ಪ ಶಾಲೆಗೆ ಹೋಗಲಿಲ್ಲ. ನಿನ್ನನ್ನೂ ಕಳಿಸಲಿಲ್ಲ."

ಅವ್ವನ ಕೈಯ ಎಲೆ ಕೈಯಲ್ಲೇ ನಿಂತಿತು. ಮಗಳು ಉಗುಳು ನುಂಗಿ ಮುಂದಕ್ಕೆ ಓದಿದಳು.

"ನಾನು ಐದನೇ ತರಗತಿಗೆ ಬಂದಾಗ ಆ ಕಾಗದ ಪೆಟ್ಟಿಗೆಯಲ್ಲಿ ಸಿಕ್ಕಿತು. ಓದಿದೆ. ನಿಮ್ಮ ದೊಡ್ಡ ಮಗಳು ಓದಿನಲ್ಲಿ ಎಲ್ಲರಿಗಿಂತ ಮೊದಲು ಬಂದಿದ್ದಾಳೆ, ಅವಳನ್ನು ಶಾಲೆ ಬಿಡಿಸಬೇಡಿ ಅಂತ ಇತ್ತು. ನೀನು ಆಗ ಕೂಲಿಗೆ ಹೋಗುತ್ತಿದ್ದೆ. ನಿನಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಇವತ್ತಿನವರೆಗೂ ಬರಲಿಲ್ಲ. ಗುರಿ. ಅಕ್ಕಾ, ಒಂದು ದಿನ ನಮ್ಮ ಶಾಲೆಗೆ ಬಾ. ಬೈಯಲು ಅಲ್ಲ."

ಮಗುವೇ ಓದಬೇಕು, ದೊಡ್ಡವರು ಕೂತು ಕೇಳಬೇಕು ಎಂಬ ರೂಲ್ಸುಗಳಿಗೆಲ್ಲ ನಾನು ಇಷ್ಟು ವರ್ಷ ನಕ್ಕಿದ್ದೆನಲ್ಲ! ಓದಲು ಬಾರದ ಒಂದು ಕಾಗದವನ್ನು ಕೈಯಲ್ಲಿ ಹಿಡಿದು ಮನೆಗೆ ಬಂದ ಒಂದನೇ ಕ್ಲಾಸಿನ ಹುಡುಗಿ, ರಿಟೈರಾಗುವ ವಯಸ್ಸಿನವರೆಗೂ ಅದನ್ನು ಕೆಳಗಿಡದೆ ತಿರುಗಿದ್ದಳು.

ಅವ್ವ ಕೈಯ ಎಲೆಯನ್ನು ಕಟ್ಟೆಯ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಅಂದಳು.

"ಶಾಲ್ಯಾಗ ಸಾಲಾಗಿ ಹೋಗುವಾಗ ಒಂದು ಪಾಟಿ ನನ್ನ ಕಾಲು ತಾಗಿ ಒಡದಿತ್ತು. ಶಾಲೀದು. ಮಾಸ್ತರು ಅದನ್ನೇ ಬರದು ಶಾಲಿ ಬಿಡಿಸಿದ್ರು ಅಂತ ಮಾಡಿದ್ದೆ. ಪಾಪ, ಆ ಮಾಸ್ತರರ ಮ್ಯಾಲ ಇಲ್ಲೀತನ ಸಿಟ್ಟಿಟ್ಕೊಂಡು ಕುಂತಿದ್ನಲ್ಲೋ."

ಸುಜಾತಾ ಪೆನ್ಸಿಲ್ ಹಿಡಿದು ಕೇಳಿದಳು, "ಅಜ್ಜಿ, ಚೀಟ್ಯಾಗ ಏನ್ ಬರೀಲಿ? ಮುಟ್ಟಿತು ಅಂತನಾ?"

"ತಡಿಯವ್ವ, ಇನ್ನಾ ಹೋಗೇ ಇಲ್ಲ. ಹಂಗ ಹ್ಯಾಂಗ ಬರೀತಿ? ನೀನೂ ನಡಿ ನನ್ನ ಸಂಗಟ. ಅಲ್ಲೇ ಕುಂತು ಬರಿ." ಅವ್ವ ಚೀಟಿಯನ್ನು ಹುಷಾರಾಗಿ ಹರಿದು ಎಲೆಅಡಿಕೆಯ ಸಂಚಿಯೊಳಗಿಟ್ಟುಕೊಂಡಳು. ದೇವದುರ್ಗಕ್ಕೆ ಮೊದಲ ಬಸ್ಸು ಎಷ್ಟಕ್ಕೆಂದು ನನ್ನನ್ನು ಕೇಳಿದಳು. ಯಾವ ಸೀರೆ ಉಡಲೆಂದು ಸೊಸೆಯನ್ನು ಕೇಳಿದಳು. ನಾನು ಸ್ಕೂಟರಿನ ಕೀಲಿ ತೆಗೆದುಕೊಂಡು ಹೊರಗೆ ಹೊರಟಾಗ ಹಿಂದಿನಿಂದ ಕರೆದಳು.

"ಯಪ್ಪಾ, ಬಜಾರಕ್ಕ ಹೊಂಟಿದ್ರ ಒಂದು ಪಾಟಿ ತಗೊಂಡು ಬಾ. ಒಡದದ್ದು ಕೊಡದ ಬರಿಗೈಲಿ ಹ್ಯಾಂಗ ಹೋಗ್ಲಿ ಶಾಲಿಗಿ?"