ಹೊತ್ತಿಗಿಂತ ಮೊದಲೇ ಬರುವ ಎಂಎಲ್‌ಎ

ಎಲ್ಲಾ ಊರಲ್ಲೂ ಮಂದಿ ಬೈಯುವುದು ಎಂಎಲ್‌ಎ ಬರಲಿಲ್ಲ ಅಂತ. ನಮ್ಮ ಭಾಗದವರು ಮಾತ್ರ ಐದು ವರ್ಷ ಬೈದದ್ದು, ‘ಅಯ್ಯಯ್ಯ, ಎಂಎಲ್‌ಎ ಆಗಲೇ ಬಂದುಬಿಟ್ಟಾಳಲ್ಲೋ!’ ಅಂತ. ಹೀಗೆ ಬೈಸಿಕೊಂಡಾಕೆ ಬೇರೆ ಯಾರೂ ಅಲ್ಲ, ಸ್ವಂತ ನನ್ನ ಮೊಮ್ಮಗಳು. ಮಗನ ಮಗಳು. ಈ ಸಲದ ಎಲೆಕ್ಷನ್‌ನಲ್ಲಿ ಆಕೆ ಉಳಿಯುತ್ತಾಳೋ ಉರುಳುತ್ತಾಳೋ ಅನ್ನುವ ಪ್ರಶ್ನೆ ಬಂದದ್ದೇ ಈ ಚಾಳಿಯಿಂದ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ. ನಾನು ನಾಲ್ಕನೇ ಇಯತ್ತೆ ತನಕ ಕಲಿತವಳು. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹುಟ್ಟುವಾಗಲೇ ಆಕೆ ಅವಸರದಾಕೆ. ಎಂಟು ತಿಂಗಳಿಗೇ ಬಂದಳು. ನನ್ನ ಮಗ ಟೆಂಪೋ ತರುತ್ತೇನೆ ಅಂತ ಹಳಿಯಾಳ ಪೇಟೆಗೆ ಓಡಿದ್ದ. ಟೆಂಪೋ ಬಾಗಿಲಿಗೆ ಬರುವಷ್ಟರಲ್ಲಿ ಕೂಸು ಹುಟ್ಟಿ, ಅತ್ತು, ದಣಿದು ಮಲಗಿಯೂ ಆಗಿತ್ತು! ಸಾಲಿಗೆ ಹಾಕಿದೆವು. ಬೀಗ ತೆಗೆಯುವ ಸಿಪಾಯಿಗಿಂತ ಮೊದಲು ಕಟ್ಟೆಯ ಮೇಲೆ ಹಾಜರು. ಮಾಸ್ತರರು ಒಮ್ಮೆ ನನ್ನನ್ನೇ ಕೇಳಿದರು, “ಏನ್ರೀ, ಈ ಹುಡುಗಿನ್ನ ಮನ್ಯಾಗ ಯಾರೂ ಇಟ್ಕೊಳ್ಳಂಗಿಲ್ಲೇನು?”

ಮುಂದೆ ಪಂಚಾಯ್ತಿ ಮೆಂಬರ್ ಆದಳು, ಅಲ್ಲಿಂದ ಜಿಲ್ಲಾ ಪಂಚಾಯ್ತಿ, ಅಲ್ಲಿಂದ ಸೀದಾ ವಿಧಾನಸೌಧ. ಮೊದಲ ದಿನ ಅಲ್ಲಿಗೂ ಬೆಳಗಾಗುತ್ತಲೇ ಹೋಗಿ ನಿಂತಳಂತೆ. ಪಹರೆಯವ, “ನೋಡೋಕೆ ಬಂದವರು ಮಧ್ಯಾಹ್ನ ಬರಬೇಕಮ್ಮಾ” ಅಂತ ವಾಪಸು ಕಳಿಸಿದ. ಈಕೆ ಎದುರಿನ ಗಾಡಿಯಲ್ಲಿ ಇಡ್ಲಿ ತಿಂದು, ಮತ್ತೆ ಬಂದು, ಪ್ರಮಾಣವಚನ ತೆಗೆದುಕೊಂಡಳು!

ಎಂಎಲ್‌ಎ ಅಂದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಕಾರ್ಡಿನಲ್ಲಿ ಹತ್ತು ಗಂಟೆ ಅಂತ ಹಾಕಿಸುತ್ತಾರೆ. ಪೆಂಡಾಲಿನವ ಹತ್ತಕ್ಕೆ ಗಳ ನೆಡುತ್ತಾನೆ. ಹನ್ನೊಂದಕ್ಕೆ ಮೈಕಿನವ ‘ಹಲೋ ಹಲೋ’ ಅನ್ನುತ್ತಾನೆ. ಹನ್ನೆರಡಕ್ಕೆ ಹಾರ ಬರುತ್ತದೆ. ಹನ್ನೆರಡೂವರೆಗೆ ದೊಡ್ಡವರು ಬಂದು, “ಸ್ವಲ್ಪ ತಡಾ ಆತು, ಕ್ಷಮಿಸ್ರಿ” ಅನ್ನುತ್ತಾರೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಇದು ಎಲ್ಲರಿಗೂ ಗೊತ್ತು, ನನ್ನ ಮೊಮ್ಮಗಳೊಬ್ಬಳನ್ನು ಬಿಟ್ಟು. ಆಕೆ ಹತ್ತು ಅಂದರೆ ಒಂಬತ್ತೂವರೆಗೆ ಇಳಿಯುತ್ತಾಳೆ!

ಹಳಿಯಾಳದ ಹತ್ತಿರ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಟ್ಟಡದ ಉದ್ಘಾಟನೆ. ಹೋದಾಗ ಅಲ್ಲಿದ್ದದ್ದು ಒಂದು ನಾಯಿ ಮತ್ತು ಶಾಮಿಯಾನದ ಗೌಸು. ಗೌಸುಗೆ ಜೋಡಿ ಆಳು ಬಂದಿರಲಿಲ್ಲ. ಈಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಹಿಡಿದಳು. ಗಳ ನಿಂತವು, ಬಟ್ಟೆ ಬಿಗಿದಾಯಿತು, ಕುರ್ಚಿ ಹಾಕುತ್ತಿದ್ದಳು. ಅಷ್ಟರಲ್ಲಿ ಸಮಿತಿಯ ಹೊಸ ಅಧ್ಯಕ್ಷರು ಬಂದರು, ಬಿಳಿ ಅಂಗಿ, ಹಣೆ ತುಂಬ ಬೆವರು.

“ಏ ತಂಗಿ, ಆ ದೊಡ್ಡ ಕುರ್ಚಿ ನಡುವ ಹಾಕವಾ! ಎಂಎಲ್‌ಎ ಮ್ಯಾಡಮ್ ಬರೂ ಹೊತ್ತಾತು!”

“ಇಲ್ಲೇನ್ರಿ?”

“ಹಾಂ, ಅಲ್ಲೆ. ಧೂಳ ಒರಸು. ಚಂದಂಗ ಒರಸು!”

ಈಕೆ ಚಂದಂಗ ಒರೆಸಿದಳು. ಆಮೇಲೆ ಅದರಲ್ಲೇ ಕೂತಳು! ಅಧ್ಯಕ್ಷರ ಮುಖ ನೋಡಬೇಕಿತ್ತು ಅಂತ ಗೌಸು ಇವತ್ತಿಗೂ ನಗುತ್ತಾನೆ.

ದಾಂಡೇಲಿಯಲ್ಲಿ ಒಂದು ಲಗ್ನ. ನಿಕಾ ಹನ್ನೊಂದಕ್ಕೆ, ಈಕೆ ಒಂಬತ್ತಕ್ಕೇ ಹೋಗಿ ಶಾದಿ ಮಹಲಿನ ಹಿಂದೆ ಅಡಿಗೆಯ ಹೆಂಗಸರ ನಡುವೆ ಕೂತು ಬಳ್ಳೊಳ್ಳಿ ಸುಲಿದಳು. ಬುಟ್ಟಿಗಟ್ಟಲೆ ಬಳ್ಳೊಳ್ಳಿ! ಸ್ಟೇಜ್ ಹತ್ತಿ ಮದುಮಗಳ ಗಲ್ಲ ಸವರಿದರೆ ಮದುಮಗಳು ಮೂಗು ಮುಚ್ಚಿಕೊಂಡಳಂತೆ. ಆದರೆ ಒಂದು ಮಾತು. ಸ್ಟೇಜಿನ ಮೇಲೆ ಹಿರಿಯರು ಕೊಟ್ಟ ಮನವಿಯಲ್ಲಿ ಕಮಾನು ಬೇಕು ಅಂತ ಇತ್ತು. ಬಳ್ಳೊಳ್ಳಿ ಸುಲಿಯುವವರು ಕೇಳಿದ್ದು ನಳಕ್ಕೆ ನೀರು. ಕಾಳಿ ನದಿ ಮಗ್ಗಲಿಗೇ ಹರಿಯುತ್ತದೆ, ಇವರ ಓಣಿಗೆ ನೀರಿಲ್ಲ! ಕಮಾನು ಇನ್ನೂ ಆಗಿಲ್ಲ. ನೀರು ಬಂತು. ಹಿರಿಯರು ಮಾತು ಬಿಟ್ಟರು.

ಜೋಯಿಡಾ ಕಡೆ ಇನ್ನೂ ದೊಡ್ಡ ಫಜೀತಿ. ಸೂಪಾ ದಾಟಿ ಕಾಡಿನೊಳಗಿನ ಒಂದು ಊರಿಗೆ ರಸ್ತೆ ಉದ್ಘಾಟನೆ. ಈಕೆ ಎಷ್ಟು ಲಗೂ ಹೋದಳು ಅಂದರೆ, ರಸ್ತೆಗಿಂತ ಮೊದಲು ಹೋದಳು! ಕಂತ್ರಾಟದಾರ ಇನ್ನೂ ಕೊನೆಯ ತುಂಡಿಗೆ ಡಾಂಬರು ಬಳಿಯುತ್ತಿದ್ದ. ಬಳಿಯುತ್ತಿದ್ದ ಅಂತ ಯಾಕೆ ಅಂದೆ ಅಂದರೆ, ದೋಸೆಗೆ ಎಣ್ಣೆ ಸವರಿದ ಹಾಗೆ ಇತ್ತಂತೆ. ಈಕೆ ಇಳಿದು ನಾಲ್ಕು ಹೆಜ್ಜೆ ಹಾಕಿದಳು, ಎಡಗಾಲಿನ ಚಪ್ಪಲಿ ಡಾಂಬರಿನಲ್ಲೇ ಉಳಿಯಿತು. ಬಗ್ಗಿ ಎಳೆದರೆ ಚಪ್ಪಲಿಯ ಜೊತೆ ಡಾಂಬರೂ ಹಪ್ಪಳದ ಹಾಗೆ ಎದ್ದು ಬಂತು, ಕೆಳಗೆ ಬರೀ ಮಣ್ಣು! ಮಧ್ಯಾಹ್ನ ಬಂದಿದ್ದರೆ ರಿಬ್ಬನ್ ಕಾಣುತ್ತಿತ್ತು, ಮಣ್ಣು ಕಾಣುತ್ತಿರಲಿಲ್ಲ. ರಿಬ್ಬನ್ ಮಡಚಿ ಕೈಗೆ ಕೊಟ್ಟು, “ಪೂರಾ ಮಾಡಿ ಕರೀರಿ” ಅಂದು, ಡಾಂಬರು ಮೆತ್ತಿದ ಚಪ್ಪಲಿ ಅಲ್ಲೇ ಬಿಟ್ಟು, ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು. ಎರಡನೇ ಸಲ ರಸ್ತೆ ಆಯಿತು. ಕಂತ್ರಾಟದಾರನೂ ಮಾತು ಬಿಟ್ಟ.

ಒಂದೇ ಒಂದು ಕಡೆ ಮಾತ್ರ ಈಕೆಯ ಸೊಕ್ಕು ಮುರಿಯಿತು. ಮುಂಡಗೋಡ ನಮ್ಮ ಕ್ಷೇತ್ರವಲ್ಲ, ಆದರೂ ಟಿಬೆಟನ್ ಕಾಲೊನಿಯವರು ಗೋವಿನಜೋಳದ ರಾಶಿ ಹೊತ್ತಿಗೆ ಏನೋ ಕಾರ್ಯಕ್ರಮಕ್ಕೆ ಕರೆದಿದ್ದರು. ಎಂಟಕ್ಕೆ ಅಂದಿದ್ದರು. ಏಳಕ್ಕೇ ಹೋಗಿ ನೋಡುತ್ತಾಳೆ, ಲಾಮಾಗಳು ಸಾಲಾಗಿ ಕೂತು ಮಂತ್ರ ಶುರು ಮಾಡಿ ಎರಡು ತಾಸಾಗಿದೆ! ಒಬ್ಬ ಮುದುಕ ಲಾಮಾ ಬಿಳಿ ರೇಷ್ಮೆ ವಸ್ತ್ರ ಕೊರಳಿಗೆ ಹಾಕಿ, ನಮ್ಮದೇ ಕನ್ನಡದಲ್ಲಿ, “ಬರ್ರಿ ಬರ್ರಿ, ತಡಾ ಆತು, ಚಾ ಆರೇತಿ” ಅಂದನಂತೆ. ಮನೆಗೆ ಬಂದು ಮುಖ ಇಳಿಬಿಟ್ಟು ಕೂತಳು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ!

ಎಲೆಕ್ಷನ್ ಹತ್ತಿರ ಬಂದಾಗ ನಗು ನಿಂತಿತು. ಪಕ್ಷದ ತಾಲೂಕು ಅಧ್ಯಕ್ಷರು ಮನೆಗೇ ಬಂದರು.

“ಆಯೀ, ನಿಮ್ಮ ಮೊಮ್ಮಗಳು ಸೋಲ್ತಾಳ ನೋಡ್ರಿ.”

“ಯಾಕಪಾ? ಕೆಲಸ ಮಾಡಿಲ್ಲೇನು?”

“ಕೆಲಸದ ಮಾತಲ್ರಿ. ತೂಕ ಇಲ್ಲ! ಕಾಯಿಸಬೇಕ್ರಿ ಮಂದೀನ. ಈಕಿ ತಾನ ಕಾಯ್ಕೋತ ಕೂಡ್ತಾಳ. ಎದುರಿನವ್ರು ಏನಂತಾರ ಗೊತ್ತೈತೇನು? ‘ಮಾಡಾಕ ಕೆಲಸಿಲ್ಲ, ಅದಕ್ಕ ಲಗೂ ಬರ್ತಾಳ’ ಅಂತ. ಒಂದ ತಾಸ ತಡಾ ಮಾಡೂದು ಕಲಸ್ರಿ ಅಕಿಗೆ, ಗೆಲ್ತಾಳ.”

ಸೋತರೆ ಆಕೆ ಹೇಗೆ ತಾಳಿಯಾಳು? ಸರಿ, ಕಲಿಸಲು ಕೂತೆ! ಗೋಡೆಯ ಗಡಿಯಾರ ಒಂದು ತಾಸು ಹಿಂದೆ ಇಟ್ಟೆ. ಆಕೆ ಗಡಿಯಾರ ನೋಡುವುದೇ ಇಲ್ಲ, ದಾಂಡೇಲಿಗೆ ಹೋಗುವ ಮೊದಲ ಬಸ್ಸಿನ ಹಾರ್ನ್ ಕೇಳಿ ಏಳುತ್ತಾಳೆ. ಜೀಪಿನ ಕೀಲಿ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆ. ಹಾಲಿನ ಗಾಡಿ ಹತ್ತಿ ಹೋದಳು! ಡ್ರೈವರ್ ಪಾಪ ಆಕೆಯ ಹಿಂದೆ ಹೋಗಲು ಜೀಪಿನ ಕೀಲಿ ಹುಡುಕುತ್ತ ಮಧ್ಯಾಹ್ನದ ತನಕ ಒದ್ದಾಡಿದ.

ಸಂಜೆ ಜಗಳ.

“ಆಯೀ, ಕೀಲಿ ನೀನ ಇಟ್ಟಿದ್ದಿ ಹೌದಲ್ಲೊ?”

“ಹೌದವಾ. ನೀ ಒಂದ ತಾಸು ತಡಾ ಮಾಡಿದ್ರ ಏನ ಮುಳುಗ್ತದ?”

“ಏನ ಮುಳುಗ್ತದೋ ಏನೋ. ಆದ್ರ ಮಂದಿ ಬಿಸಲಾಗ ಕೂತಿರ್ತಾರಲ್ಲಾ. ಕೂಸು ಕರಕೊಂಡ ಬಂದಿರ್ತಾರ, ಒಲಿ ಮ್ಯಾಲೆ ಅನ್ನ ಬಿಟ್ಟ ಬಂದಿರ್ತಾರ.”

“ಸೋತರ?”

“ಸೋತರ ನೀನ ಹಾಲು ತರಾಕ ಕಳಸು. ಲಗೂ ತರ್ತೀನಿ!”

ಇಂಥಾಕೆಗೆ ಏನು ಹೇಳುತ್ತೀರಿ? ನಗಬೇಕೋ, ಎರಡು ಬಿಗಿಯಬೇಕೋ?

ಎಣಿಕೆ ಕಾರವಾರದಲ್ಲಿ. ಆಕೆ ಅಲ್ಲಿ, ನಾನು ಇಲ್ಲಿ ಟೀವಿ ಎದುರಿಗೆ. ಒಮ್ಮೆ ಮುಂದೆ, ಒಮ್ಮೆ ಹಿಂದೆ, ಮತ್ತೆ ಹಿಂದೆ, ಇನ್ನೂ ಹಿಂದೆ! ದೇವರ ಮುಂದೆ ದೀಪ ಹಚ್ಚುವುದು, ಟೀವಿಗೆ ಓಡುವುದು, ಇದೇ ಆಯಿತು. ಪಕ್ಷದ ಅಧ್ಯಕ್ಷರು ಫೋನ್ ಮಾಡಿ, “ನಾ ಹೇಳಿದ್ನಿಲ್ರಿ?” ಅಂದರು. ಫೋನ್ ಇಟ್ಟು ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದೆ. ಮೆರವಣಿಗೆಗೆ ಪೆಂಡಾಲು ಬೇಕೋ ಬೇಡವೋ ಅಂತ ಗೊತ್ತಾಗದೆ ಗೌಸು ನಮ್ಮ ಕಟ್ಟೆಯ ಮೇಲೇ ಹಗ್ಗ ಗಳ ಇಟ್ಟುಕೊಂಡು ಕೂತಿದ್ದ.

“ಹೆದರಬ್ಯಾಡ್ರಿ ಆಯೀ. ಸ್ಟೇಜ್ ಮ್ಯಾಲೆ ಕೂಡಾವ್ರು ಹತ್ತ ಮಂದಿ. ಗಳ ನೆಡಾವ್ರು, ಕಸಾ ಹೊಡ್ಯಾವ್ರು, ಚಾ ಕಾಸಾವ್ರು, ಬಳ್ಳೊಳ್ಳಿ ಸುಲ್ಯಾವ್ರು ಎಷ್ಟ ಮಂದಿ ಅದಾರ? ಅವರೆಲ್ಲಾ ಅಕ್ಕಾರನ್ನ ಬಲ್ಲಾರ. ನಿಮ್ಮ ಅಧ್ಯಕ್ಷರು ಅವರನ್ನ ನೋಡಿಲ್ಲ. ಅಷ್ಟ ಫರಕು!”

ಹನ್ನೊಂದರ ಹೊತ್ತಿಗೆ ಜೋಯಿಡಾದ ಪೆಟ್ಟಿಗೆಗಳು ಎಣಿಕೆಗೆ ಬಂದವು, ದಾಂಡೇಲಿಯ ಓಣಿಗಳವು ಬಂದವು. ಆಕೆ ಏರಿದಳು, ಏರಿದಳು, ಗೆದ್ದಳು! ಗೆದ್ದಳ್ರೀ! ಸಣ್ಣ ಅಂತರವೇ ಇರಲಿ, ಗೆಲುವು ಗೆಲುವೇ! ನಾನು ಗೌಸುನ ಎರಡೂ ಕೈ ಹಿಡಿದು ಕುಣಿದೆ. ಸುಳ್ಳಲ್ಲ, ಈ ವಯಸ್ಸಿನಲ್ಲಿ ಕುಣಿದೆ! ಅಧ್ಯಕ್ಷರ ಫೋನ್ ಮತ್ತೆ ಬಂತು: “ನಾ ಹೇಳಿದ್ನಿಲ್ರಿ!”

ಐದಕ್ಕೆ ಬಸ್‌ಸ್ಟ್ಯಾಂಡಿನಿಂದ ಮೆರವಣಿಗೆ ಅಂತ ಸಾರಿದರು. ಜೆಸಿಬಿ ತುಂಬ ಹೂವು, ಎರಡು ಬ್ಯಾಂಡು. ನಾನು ಆರತಿ ತಟ್ಟೆ ತೊಳೆಯಲು ಹಿತ್ತಲಿಗೆ ಹೋದರೆ, ಹಿತ್ತಲ ಬಾಗಿಲಲ್ಲಿ ಆಕೆ ನಿಂತಿದ್ದಾಳೆ. ಇನ್ನೂ ನಾಲ್ಕೂ ಆಗಿರಲಿಲ್ಲ. ನನಗೆ ದೀಪ ಹಚ್ಚಲೂ ಬಿಡಲಿಲ್ಲ.

“ಆಯೀ, ಹಸಿವಾಗೈತಿ.”

ರೊಟ್ಟಿ, ಬದನೆಕಾಯಿ ಪಲ್ಯ ಹಾಕಿದೆ. ಅರ್ಧ ರೊಟ್ಟಿ ತಿಂದಳು, ಕೈ ತೊಳೆದಳು, ನೆಲದ ಮೇಲೆ ಉರುಳಿ ನನ್ನ ತೊಡೆಯ ಮೇಲೆ ತಲೆ ಇಟ್ಟಳು. “ಹತ್ತ ನಿಮಿಷ. ಎಬ್ಬಸು ಹಾಂ? ಮಂದಿ ಕಾಯ್ತಾರ” ಅನ್ನುತ್ತಲೇ ನಿದ್ದೆ ಹೋದಳು.

ಕೂದಲಲ್ಲಿ ಬೆರಳಾಡಿಸಿದೆ. ನೆತ್ತಿಯ ಹತ್ತಿರ ಬೆಳ್ಳಿ ಎಳೆಗಳು. ಒಂದೆರಡಲ್ಲ, ಹಿಡಿ ತುಂಬ. ಇನ್ನೂ ನಲವತ್ತು ತುಂಬಿಲ್ಲ ನನ್ನ ಕೂಸಿಗೆ. ಐದು ವರ್ಷ ಒಂದೇ ಮನೆಯಲ್ಲಿದ್ದೂ ನಾನು ನೋಡಿರಲಿಲ್ಲ. ನೋಡಲು ಆಕೆ ಎಲ್ಲಿ ಕೂತಿದ್ದಳು?

ಹೊರಗೆ ಬ್ಯಾಂಡು ಹತ್ತಿರ ಬಂತು. ಪಟಾಕಿ ಹಾರಿತು. ಅಧ್ಯಕ್ಷರು ಬಾಗಿಲು ಬಡಿದರು.

“ಆಯೀ, ಐದೂವರಿ ಆತ್ರಿ! ಮ್ಯಾಡಮ್ ಎಲ್ಲಿ?”

ನಾನು ಸೆರಗಿನಿಂದ ಆಕೆಯ ಕಿವಿ ಮುಚ್ಚಿದೆ.

“ಸ್ವಲ್ಪ ಕಾಯ್ರಿ,” ಅಂದೆ, ಮೆಲ್ಲಗೆ.

ತೊಡೆಗೆ ಜೋಮು ಹಿಡಿದಿತ್ತು. ಅಲುಗಾಡಲಿಲ್ಲ.