ಡೆನ್ಮಾರ್ಕ್ ಪದ್ಧತಿಯ ನಿದ್ದೆ

ಯಾವ ದೇಶದಲ್ಲಿ ಮಕ್ಕಳನ್ನು ಹೇಗೆ ಬೆಳೆಸುತ್ತಾರೆ ಎಂಬ ವಿಷಯದಲ್ಲಿ ಸಪ್ತಾಪುರದ ನಮ್ಮ ಓಣಿಯಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಮಗಳು ಹುಟ್ಟಿದಾಗಿನಿಂದ ಮೊಬೈಲಿನಲ್ಲಿ ಅದನ್ನೇ ಓದುತ್ತಿದ್ದೆ. ಜಪಾನಿನ ಮಕ್ಕಳು ತಾವೇ ನಡೆದು ಶಾಲೆಗೆ ಹೋಗುತ್ತಾರೆ; ನಮ್ಮ ಚಿನ್ನಿ ಇನ್ನೂ ನಡೆಯುತ್ತಿರಲಿಲ್ಲ. ಫಿನ್‌ಲೆಂಡಿನಲ್ಲಿ ಏಳು ವರ್ಷದವರೆಗೆ ಶಾಲೆಯ ಗೋಜೇ ಇಲ್ಲ; ಅದನ್ನು ನಾವು ಆಗಲೇ ಪಾಲಿಸುತ್ತಿದ್ದೆವು. ಎಂಟು ತಿಂಗಳ ಕೂಸಿನ ಮೇಲೆ ಹೊಸದಾಗಿ ಪ್ರಯೋಗಿಸಲು ಉಳಿದದ್ದು ಡೆನ್ಮಾರ್ಕ್ ಒಂದೇ! ಅಲ್ಲಿ ಚಳಿಯಲ್ಲೂ ಕೂಸುಗಳನ್ನು ತಳ್ಳುವ ಗಾಡಿಯಲ್ಲಿ ಹಾಕಿ ಮನೆಯ ಹೊರಗೇ ಮಲಗಿಸುತ್ತಾರಂತೆ. ಗಂಟೆಗಟ್ಟಲೆ ಮಲಗುತ್ತವಂತೆ. ಚಿನ್ನಿಯ ಮಧ್ಯಾಹ್ನದ ನಿದ್ದೆಯೋ, ನಾನು ಹಾಸಿಗೆಗೆ ಬೆನ್ನು ಹಚ್ಚುವವರೆಗೆ ಮಾತ್ರ.

ನನ್ನ ಹೆಂಡತಿ ಸುಮಾ ಸೋಮವಾರದಿಂದ ಲ್ಯಾಬಿನ ಕೆಲಸಕ್ಕೆ ಮರಳಬೇಕಿತ್ತು. ಅವಳಿಗೆ ಮಧ್ಯಾಹ್ನದ ಪಾಳಿ, ನನಗೆ ಬೆಳಗ್ಗೆ ಕಾಲೇಜಿನಲ್ಲಿ ಪಾಠ. ಕೂಸನ್ನು ನಾನೊಬ್ಬನೇ ನೋಡಿಕೊಳ್ಳಬಲ್ಲೆ ಎಂಬ ಧೈರ್ಯ ಅವಳಿಗೆ ಬಂದರೆ ಹೋಗುವುದು, ಇಲ್ಲವಾದರೆ ಕೆಲಸವನ್ನೇ ಬಿಡುವುದು. ನನ್ನನ್ನು ಪರೀಕ್ಷಿಸಲೆಂದೇ ಶನಿವಾರ ಪೇಟೆಗೆ ಹೊರಟಳು.

"ರೀ, ಖರೇನ ಸಂಭಾಳಸ್ತೀರಿ?"

"ಡೆನ್ಮಾರ್ಕದಾಗ ಗಂಡಸ್ರೂ ನೋಡ್ಕೋತಾರ. ನೀ ಆರಾಮ ಹೋಗಿ ಬಾ."

ಚಿನ್ನಿಗೆ ಟೊಪ್ಪಿಗೆ ಹಾಕಿ, ಶಾಲು ಸುತ್ತಿ, ಅಂಗಳದ ನೆರಳಿನಲ್ಲಿ ಗಾಡಿ ನಿಲ್ಲಿಸಿದೆ. ಏನಾಶ್ಚರ್ಯ! ಕಣ್ಣು ಮುಚ್ಚಿಯೇಬಿಟ್ಟಳು. ನಾನು ಮೆಟ್ಟಿಲ ಮೇಲೆ ಕಾವಲು ಕುಳಿತೆ. ಪಕ್ಕದ ಮನೆಯ ಗಂಗಾ ಕಾಕು ಕಂಪೌಂಡಿನ ಮೇಲಿಂದ ಇಣುಕಿದರು.

"ಯಾಕ್ರೀ ಸರ, ಕೂಸಿನ್ನ ಹೊರಗ ಹಾಕೀರಿ? ಮನ್ಯಾಗ ಜಗಳಾ ಆತೇನು?"

"ಇಲ್ರೀ ಕಾಕು, ಇದು ಡೆನ್ಮಾರ್ಕ್ ಪದ್ಧತಿ. ಹೊರಗಿನ ಗಾಳಿಗೆ ಮಕ್ಕಳು ಗಟ್ಟಿ ಆಗ್ತಾವ."

ಕಾಕು ನನ್ನನ್ನು ಕನಿಕರದಿಂದ ನೋಡಿ ಒಳಗೆ ಹೋದರು. ಗೆದ್ದೆ ಎಂದುಕೊಂಡೆ.

ಅದೇ ಹುಮ್ಮಸ್ಸಿನಲ್ಲಿ ಚಿನ್ನಿಗೆ ಹಾಲು ಕಾಯಿಸಲು ಎದ್ದೆ. ಹಾಲು ಉಕ್ಕಿತು. ಒಲೆ ಒರೆಸಿದೆ. ಹೊರಗೆ ಬಂದರೆ ಗಾಡಿ ಇದೆ, ಶಾಲು ಇದೆ. ಚಿನ್ನಿ ಇಲ್ಲ!

ಬರಿಗಾಲಿನಲ್ಲಿ ಕಾಕುವಿನ ಮನೆಗೆ ಓಡಿದೆ.

"ನಾನ ಎತ್ಕೊಂಡ್ ಬಂದೆ. ಎಷ್ಟ ಗಾಳಿ ಬೀಸಾಕತ್ತೈತಿ! ಅಷ್ಟರಾಗ ಕುಕ್ಕರ್ ಸೀಟಿ ಹೊಡೀತು, ಶಮೀಮ್ ಚಾಚಿ ಕೈಯಾಗ ಕೊಟ್ಟೆ."

ಎದುರು ಮನೆಯ ಶಮೀಮ್ ಚಾಚಿ ಬಾಗಿಲಲ್ಲೇ ಸಿಕ್ಕರು.

"ಕೂಸಿಗೆ ಯಾರದೋ ಕಣ್ಣ ಬಿದ್ದು ನೆದರ ಆಗಿತ್ರೀ ಸರ. ತೆಗದೆ. ಆಮ್ಯಾಲ ಮೂಲಿ ಮನಿ ಶಾಂತಕ್ಕ ಒಯ್ದ್ರು."

ಮೂಲೆ ಮನೆಯತ್ತ ಓಡುತ್ತಿರುವಾಗ ಎದುರಿನಿಂದ ಸುಮಾಳ ಸ್ಕೂಟಿ ಬಂತು.

"ಕೂಸು ಎಲ್ಲೈತ್ರೀ?"

"ಓಣ್ಯಾಗ ಐತಿ," ಎಂದೆ. ನನಗೆ ಗೊತ್ತಿದ್ದ ಮಟ್ಟಿಗೆ ಅದು ಸತ್ಯವಾಗಿತ್ತು!

ಅವಳು ಸ್ಕೂಟಿ ಅಲ್ಲೇ ಬಿಟ್ಟು ಓಡಿದಳು. ಹಿಂದೆ ಓಡುತ್ತಿದ್ದ ನನಗೆ ನಿಜವಾಗಿಯೂ ಅಳು ಬಂದಿತ್ತು.

ಶಾಂತಕ್ಕನ ಮನೆಯ ಟಿವಿಯಲ್ಲಿ ಅತ್ತೆ ಸೊಸೆ ಕಿರುಚಾಡುತ್ತಿದ್ದರು. ಅಡುಗೆಮನೆಯಲ್ಲಿ ಮಿಕ್ಸರ್ ಗುರುಗುಟ್ಟುತ್ತಿತ್ತು. ಇದೆಲ್ಲದರ ನಡುವೆ, ಹಳೆಯ ಸೀರೆ ಕಟ್ಟಿ ಮಾಡಿದ ತೊಟ್ಟಿಲಿನಲ್ಲಿ, ಕೆನ್ನೆಗೆ ದೊಡ್ಡ ಕಪ್ಪು ಬೊಟ್ಟು ಇಡಿಸಿಕೊಂಡು ಚಿನ್ನಿ ಸೊಂಪಾಗಿ ಮಲಗಿದ್ದಳು. ಸುಮಾ ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು. ನನಗೂ ಜೀವ ಬಂದಂತಾಯಿತು. ಜೀವ ಬಂದ ಕೂಡಲೇ ಡೆನ್ಮಾರ್ಕ್ ಪದ್ಧತಿಯನ್ನು ವಿವರಿಸತೊಡಗಿದೆ.

ಶಾಂತಕ್ಕ ಪೂರ್ತಿ ಕೇಳಿ ಮರುಗಿದರು. "ಅಯ್ಯ ಪಾಪ! ಆ ದೇಶದಾಗ ಹೊರಗ ಮಲಗಿದ ಕೂಸಿನ್ನ ಒಳಗ ಎತ್ಕೊಂಡ್ ಹೋಗೋರು ಯಾರೂ ಇಲ್ಲೇನ್ರೀ?"

ನಾನು ಮೊಬೈಲ್ ತೆಗೆದು ಹುಡುಕತೊಡಗಿದೆ.

ಸೋಮವಾರ ಸುಮಾ ಕೆಲಸಕ್ಕೆ ಹೊರಟು ನಿಂತಳು. ಹಾಗಾದರೆ ನಾನು ಪಾಸು! ಹಿಗ್ಗಿನಿಂದ ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಚಿನ್ನಿಯನ್ನು ಕಂಪೌಂಡಿನಾಚೆ ನಿಂತಿದ್ದ ಗಂಗಾ ಕಾಕುವಿನ ಕೈಗೆ ಕೊಟ್ಟಳು.

"ನಾ ಬರೋತನಕಾ ನೋಡ್ಕೋರಿ ಕಾಕು." ಎರಡು ಹೆಜ್ಜೆ ಹೋದವಳು ತಿರುಗಿ ನನ್ನತ್ತ ಬೆರಳು ಮಾಡಿದಳು. "ಹಂಗ ಇವ್ರನ್ನೂ ಒಂಚೂರು ನೋಡ್ಕೋರಿ."

ನನಗೆ ಅವಮಾನವಾಯಿತು. ತೀವ್ರವಾಗಿ ಪ್ರತಿಭಟಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಾಕು, "ಬರ್ರೀ ಸರ, ರೊಟ್ಟಿ ಬಿಸಿ ಅದಾವು," ಎಂದರು.

ಹೋಗಿ ಕುಳಿತೆ.