ಅತ್ತೆಯ ತಲೆಪರೀಕ್ಷೆ

ಮನುಷ್ಯರಿಗೆ ಮುಖ ಎಂಬುದೊಂದು ಇರುತ್ತದೆ ಎನ್ನುವುದೇ ನಮ್ಮ ಸೋದರತ್ತೆಗೆ ಗೊತ್ತಿರಲಿಲ್ಲ! ಯಾರೇ ಎದುರು ಬರಲಿ, ಅವಳ ಕಣ್ಣು ನೇರವಾಗಿ ನೆತ್ತಿಗೆ ಹೋಗುತ್ತಿತ್ತು. ‘ಆ ಹೊಟ್ಟಿನಾಂವ ಬಂದಿದ್ದ’ ಎಂದರೆ ಸೊಸೈಟಿಯ ಸೆಕ್ರೆಟರಿ, ‘ಹೇನಿನಾಕಿ’ ಎಂದರೆ ಶಾಲೆಯ ಅಕ್ಕೋರು ಎಂದು ನಾವೇ ತಿಳಿದುಕೊಳ್ಳಬೇಕಿತ್ತು.

ಅಪ್ಪನ ಅಕ್ಕನಾದ ಇವಳು ಗಂಡ ತೀರಿಕೊಂಡ ಮೇಲೆ ಕಬ್ಬೂರಿನ ನಮ್ಮ ಮನೆಗೇ ಬಂದಿದ್ದಳು. ಬಂದವಳೇ ಗೋಡೆಗೆ ಸಾಲಾಗಿ ಮೊಳೆ ಹೊಡೆಸಿ, ಒಬ್ಬೊಬ್ಬರಿಗೆ ಒಂದೊಂದು ಹಣಿಗೆ ತೂಗುಹಾಕಿದಳು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಒಮ್ಮೆ ಬೋರಗಾಂವದಿಂದ ಬಂದ ಕಾಕಾ ಗೊತ್ತಿಲ್ಲದೆ ಅಪ್ಪನ ಹಣಿಗೆಯಿಂದ ಬಾಚಿಕೊಂಡ. ಅತ್ತೆ ಅವನ ಕಣ್ಣೆದುರೇ ಅದನ್ನು ಕುದಿಯುವ ನೀರಿಗೆ ಹಾಕಿದಳು. ಪ್ಲಾಸ್ಟಿಕ್ ಹಣಿಗೆ, ಪಾಪ, ಚಕ್ಕುಲಿಯಂತೆ ಸುತ್ತಿಕೊಂಡಿತು.

“ಅಕ್ಕಾ, ನನ್ನ ತಲಿಯಾಗ ಏನೂ ಇಲ್ಲ” ಎಂದ ಕಾಕಾ.

“ಅದು ಊರಿಗೇ ಗೊತ್ತೈತಿ. ನಾ ಹೊಟ್ಟಿನ ಸುದ್ದಿ ಹೇಳಾಕತ್ತೇನಿ.”

ಕೂದಲು ಉದುರುತ್ತದೆ ಎಂದು ಎಣ್ಣೆ ಕೇಳಿಕೊಂಡು ಬಂದವರಿಗೆ ಎಣ್ಣೆ ಸಿಗುತ್ತಿರಲಿಲ್ಲ, ವಿಚಾರಣೆ ನಡೆಯುತ್ತಿತ್ತು. ಏನು ಉಣ್ಣುತ್ತಿ? ಜ್ವರ ಯಾವಾಗ ಬಂದಿತ್ತು? ಯಾವ ಬೋರಿನ ನೀರಲ್ಲಿ ತಲೆ ತೊಳೆಯುತ್ತಿ? ಬಾಣಂತಿಯರು ಗಾಬರಿಯಾಗಿ ಬಂದರೆ ಮಾತ್ರ ದನಿ ಮೆತ್ತಗಾಗುತ್ತಿತ್ತು: “ಹಡದಮ್ಯಾಲ ಎಲ್ಲಾರಿಗೂ ಉದುರ್ತಾವವಾ. ಮತ್ತ ಬರ್ತಾವ, ಅಳಬ್ಯಾಡ.” ಬೋಳುತಲೆಯ ಮಾಸ್ತರರೊಬ್ಬರು “ನನ್ನವು ಯಾಕ ಹೋದೂರಿ?” ಎಂದು ಕೇಳಿದ್ದಕ್ಕೆ, “ನಿಮ್ಮಪ್ಪನ್ನ ಕೇಳ್ರಿ” ಎಂದು ಕಳಿಸಿಬಿಟ್ಟಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ನನ್ನ ಮದುವೆಯೇ ಇವಳ ಕೈಯಲ್ಲಿ ಸಿಕ್ಕಿಕೊಂಡಿತಲ್ಲ! ಆ ಎಂಬತ್ತರ ದಶಕದಲ್ಲಿ ಕನ್ಯೆ ನೋಡಲು ಹೋದ ಹೆಂಗಸರು ಹುಡುಗಿಯನ್ನು ಒಳಗೆ ಕರೆದೊಯ್ದು ಹೆರಳು ಬಿಚ್ಚಿ ನೋಡುವುದು ನಮ್ಮ ಕಡೆಯ ರೂಢಿ. ಉಳಿದವರು ಉದ್ದ ನೋಡಿ ಬಿಡುತ್ತಿದ್ದರು. ಅತ್ತೆ ಕಿಟಕಿಯ ಬೆಳಕಿಗೆ ಕೂರಿಸಿ ಬೈತಲೆ ಬೈತಲೆ ಸರಿಸುತ್ತಿದ್ದಳು. ಅಥಣಿಯ ಹುಡುಗಿಯ ತಲೆಯಲ್ಲಿ ಹೇನಿನ ಸೀರು ಕಂಡವು, ಸಂಬಂಧ ಹೋಯಿತು. ರಾಯಬಾಗದ ಹುಡುಗಿಯ ಅರ್ಧ ಹೆರಳು ಇವಳ ಕೈಗೇ ಬಂತು. ಚವರಿ ಸೇರಿಸಿ ಹೆಣೆದಿದ್ದರಂತೆ. “ಇದರ ಕೂಡ ಮದವಿ ಮಾಡ್ತೀರೋ, ಹುಡಿಗಿ ಕೂಡೋ?” ಎಂದು ಕೇಳಿ ಎದ್ದು ಬಂದಳು.

ಮೂರನೆಯದು ಮುಗಳಖೋಡ. ಚಹಾ ಕೊಡುವಾಗ ಹುಡುಗಿ ತಲೆ ತಗ್ಗಿಸದೆ ನನ್ನನ್ನೇ ನೋಡಿದಳು. ನಾನು ಅಲ್ಲೇ ಸೋತೆ. ಅತ್ತೆ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಈ ಹುಡುಗಿಯೂ ಕೈತಪ್ಪಿದಳು ಎಂದುಕೊಂಡೆ. ಕೊನೆಗೆ ಅತ್ತೆ ಹೊರಗೆ ಬಂದು, “ಕೂದಲ ಭಾಳ ಚಲೋ ಅದಾವ” ಎಂದಳು. ಅವ್ವ ಬಾಯಿ ತೆರೆದು ನೋಡಿದಳು. ಎಮ್ಮೆ ನೋಡುವ ನೆಪದಲ್ಲಿ ಅತ್ತೆ ನನ್ನನ್ನು ಹಿತ್ತಲಿಗೆ ಎಳೆದೊಯ್ದಳು.

“ಹುಡಿಗಿ ಕಿವಿ ಹಿಂದ ರೂಪಾಯಿ ಅಗಲ ಕೂದಲ ಇಲ್ಲ. ಗಜಕರ್ಣ ಅಲ್ಲ, ನುಣ್ಣಗ ಐತಿ, ಯಾರಿಗೂ ಅಂಟೂದಲ್ಲ. ಮತ್ತ ಬರಬಹುದು, ಬರದನೂ ಇರಬಹುದು. ಹೆರಳ ಬಿಚ್ಚಿದಾಗ ನನ್ನ ಕೈ ಹಿಡಕೊಂಡ್ಳು. ನಾನ ಮುಚ್ಚಿ ಹೆಣದು ಬಂದೇನಿ.” ಎಮ್ಮೆಯ ಬೆನ್ನು ಸವರುತ್ತ ಹೇಳಿದಳು: “ನಿನಗ ಬ್ಯಾಡಾದ್ರ ನನ್ನ ಮ್ಯಾಲ ಹಾಕು. ಮುದುಕಿಗಿ ಮನಿತನ ಮನಸಿಗಿ ಬರಲಿಲ್ಲ ಅನ್ನು. ಆಕಿ ತಲಿ ಸುದ್ದಿ ಮಾತ್ರ ಯಾರ ಮುಂದೂ ತಗೀಬ್ಯಾಡ.”

“ನನಗ ಹುಡಿಗಿ ಮನಸಿಗಿ ಬಂದಾಳತ್ತಿ” ಎಂದೆ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಸರಸರ ಒಳಗೆ ನಡೆದಳು. ಎಲ್ಲರ ನಡುವೆ ನಿಂತು ಅಡುಗೆಮನೆಯ ಬಾಗಿಲ ಕಡೆಗೆ ದನಿ ಎತ್ತಿದಳು: “ನೋಡವಾ ತಂಗಿ, ಮೊದಲ ಹೇಳತೇನಿ. ನಮ್ಮ ಹುಡುಗ ಸ್ಟೆಪ್ ಕಟಿಂಗ್ ಮಾಡಿಸಿ ಹಣಿ ಮುಚ್ಚಿಕೊಂಡಾನ. ಸರಿಸಿದ್ರ ಅರ್ಧಾ ಬಯಲ ಐತಿ. ಸ್ವಲ್ಪ ದಿನದಾಗ ಪೂರಾ ಬೋಳ ಆಕ್ಕಾನ. ನಿನಗ ನಡೀತೈತೇನು?”

ನನಗೆ ನೆಲ ಬಿರಿಯಬಾರದೇ ಎನಿಸಿತು. ಜೊತೆಗೇ ಈ ಮುದುಕಿಯ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿ ಬಂತು. ಬಾಗಿಲ ಹಿಂದೆ ಯಾರೋ ಅತ್ತಂತೆ ಕೇಳಿಸಿತು, ಆಮೇಲೆ ನಕ್ಕಂತೆ.

“ನಡೀತೈತ್ರಿ ಅತ್ತಿ.”